ಪ್ರಜೆಯ ಪಾಲಿಗೆ ಬಂದ ರಾಜಧರ್ಮ

ರಾಜನೊಬ್ಬನು ಸಿಂಹಾಸನದ ಮೇಲೆ ಕುಳಿತು ನಾಡನ್ನಾಳುತ್ತಿದ್ದ ಕಾಲದಲ್ಲಿ, ನೆರೆಯ ರಾಜ್ಯದೊಡನೆ ಸ್ನೇಹವಿರಬೇಕೋ ಹಗೆಯಿರಬೇಕೋ ಎಂಬುದು ಅವನ ವಿವೇಕಕ್ಕೂ ಅವನ ಮಂತ್ರಿಗಳ ದೂರದೃಷ್ಟಿಗೂ ಬಿಟ್ಟ ವಿಷಯವಾಗಿತ್ತು. ಯುದ್ಧದಿಂದ ಪುಣ್ಯ ಬಂದರೆ ಅವನಿಗೆ, ಪಾಪ ಬಂದರೂ ಅವನಿಗೆ. ಕೆರೆಯ ಕೆಳಗಿನ ಗದ್ದೆಯನ್ನುತ್ತು ಬದುಕುತ್ತಿದ್ದ ಒಕ್ಕಲಿಗನು ಕಂದಾಯವನ್ನು ಕಟ್ಟಿ, ದಂಡು ಊರ ಮುಂದೆ ಹಾದುಹೋಗುವಾಗ ಬಾಗಿಲು ಮುಚ್ಚಿಕೊಂಡು, ರಾಜಕಾರ್ಯದ ಧರ್ಮಾಧರ್ಮಗಳಿಗೂ ತನಗೂ ಸಂಬಂಧವಿಲ್ಲವೆಂದು ನೆಮ್ಮದಿಯಿಂದಿರಬಹುದಾಗಿತ್ತು. ಆ ನೆಮ್ಮದಿ ಇಂದು ನಮಗಿಲ್ಲ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುವ ರೈತನೂ, ತುರುವೇಕೆರೆಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೂ, ಚಿಕ್ಕನಾಯಕನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಾಲೇಜಿಗೆ ಹೊರಟು ನಿಂತ, ಹದಿನೆಂಟು ತುಂಬಿದ ಹುಡುಗನೂ ಐದು ವರ್ಷಕ್ಕೊಮ್ಮೆ ತುಮಕೂರು ಲೋಕಸಭಾ ಕ್ಷೇತ್ರದ ಮತಗಟ್ಟೆಗಳ ಮುಂದೆ ಸಾಲುಗಟ್ಟಿ, ಪಾಕಿಸ್ತಾನದೊಡನೆ ಮಾತೋ ಮದ್ದುಗುಂಡೋ, ಚೀನಾದೊಡನೆ ಸಂಧಿಯೋ ಸೆಣಸೋ ಎಂಬುದನ್ನು ನಿರ್ಣಯಿಸುವ ಅಧಿಕಾರದ ಒಂದೊಂದು ಅಂಶವನ್ನು ಬೆರಳ ತುದಿಯಿಂದ ಚಲಾಯಿಸುತ್ತಾರೆ. ಅಧಿಕಾರವು ಹೀಗೆ ಹಂಚಿಹೋದಾಗ ಅದರ ಬೆನ್ನಿಗಿದ್ದ ಧರ್ಮವೂ ಹಂಚಿಕೆಯಾಯಿತೇ, ಅಥವಾ ಯಾರ ಪಾಲಿಗೂ ಬಾರದೆ ನಡುವೆ ಎಲ್ಲಿಯೋ ಕಳೆದುಹೋಯಿತೇ? ರಾಜಕೀಯದ ಪರಿಭಾಷೆಯಲ್ಲಿ ಕೇಳಿಬಂದರೂ ಇದು ಮೂಲತಃ ಧರ್ಮಜಿಜ್ಞಾಸೆಯ ಪ್ರಶ್ನೆ. ಆ ದೃಷ್ಟಿಯಿಂದಲೇ ಇದನ್ನು ವಿಚಾರಿಸತಕ್ಕದ್ದು.

ಚುನಾವಣೆಯ ಕಾಲಕ್ಕೆ ಎದುರಾಳಿ ರಾಷ್ಟ್ರದ ಪ್ರಸ್ತಾಪ ಅಷ್ಟು ಸುಲಭವಾಗಿ ವೇದಿಕೆಗೆ ಬರುವುದೇಕೆಂಬುದು ನಿಗೂಢವೇನಲ್ಲ. ಸ್ವದೇಶದ ಯಾವ ವರ್ಗವನ್ನು ಕಟುವಾಗಿ ನುಡಿದರೂ ಆ ವರ್ಗದ ಮತ ಕೈತಪ್ಪೀತೆಂಬ ಅಂಜಿಕೆ ಅಭ್ಯರ್ಥಿಗುಂಟು. ಗಡಿಯಾಚೆಯವನಿಗೆ ನಮ್ಮಲ್ಲಿ ಮತವಿಲ್ಲ. ಇದಲ್ಲದೆ, ಮನೆಯ ಹತ್ತಿರದ ಭರವಸೆಗಳನ್ನು ಜನರು ತೂಗಿ ನೋಡಬಲ್ಲರು. 2023ರಲ್ಲಿ ಕೊಬ್ಬರಿಯ ಧಾರಣೆ ಸರ್ಕಾರದ ಬೆಂಬಲ ಬೆಲೆಗಿಂತ ಕೆಳಗಿಳಿದು ಬೆಳೆಗಾರರು ಬೀದಿಗೆ ಬಂದಾಗ, 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ಕೇಂದ್ರವು ಗೊತ್ತುಮಾಡಿದಾಗ, ಆ ಅಂಕಿ ಸಾಲದೋ ಸಾಕೋ ಎಂಬುದನ್ನು ಹೇಳಲು ಈ ಸೀಮೆಯ ರೈತನಿಗೆ ಯಾವ ಪಂಡಿತನ ಸಹಾಯವೂ ಬೇಕಾಗಿರಲಿಲ್ಲ. ಕೂಲಿ, ಗೊಬ್ಬರ, ಕಾಯಿ ಸುಲಿಸುವ ಖರ್ಚುಗಳು ಅವನ ಬಾಯಲ್ಲೇ ಇದ್ದವು. ದೂರದ ಹಿಮಪರ್ವತದ ಮೇಲೆ ನಡೆದ ಶೌರ್ಯದ ಮಾತನ್ನಾದರೋ ಅವನು ನಂಬಬೇಕಷ್ಟೇ ಹೊರತು ತೂಗಿ ನೋಡಲಾರನು. ಪರೀಕ್ಷೆಗೆ ಸಿಕ್ಕುವ ಮಾತಿಗಿಂತ ಪರೀಕ್ಷೆಗೆ ಸಿಕ್ಕದ ಮಾತಿನ ಕಡೆಗೆ ವಾಗ್ಮಿಯ ಮನಸ್ಸು ಒಲಿಯುವುದು ಸಹಜ. ಆದರೆ ಆ ಮಾತು ಇಲ್ಲಿನ ಮೈದಾನದಲ್ಲಿಯೇ ಕರಗಿಹೋಗುವುದಿಲ್ಲ. ಆಡಿದವನು ಮರೆತರೂ ಎದುರಿನ ರಾಜಧಾನಿಯಲ್ಲಿ ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಅಲ್ಲಿಯೂ ಜನಸ್ತೋಮಗಳುಂಟು, ಅಲ್ಲಿಯೂ ಚಪ್ಪಾಳೆಗೆ ಹಸಿದ ನಾಯಕರುಂಟು. ಇಲ್ಲಿನ ಗರ್ಜನೆ ಅಲ್ಲಿನ ಗರ್ಜನೆಗೆ ಸಮರ್ಥನೆಯಾಗುತ್ತದೆ. ಕೊನೆಗೆ ಗೆದ್ದು ಬಂದವನು ತಾನೇ ಆಡಿದ ಮಾತಿಗೆ ಸೆರೆಯಾಗಿ, ಸಂಧಿಗೆ ಅವಕಾಶ ಒದಗಿದ ದಿನವೂ ಕೈ ಚಾಚಲಾರದವನಾಗುತ್ತಾನೆ.

ಚುನಾವಣೆಯೊಂದು ಎರಡು ರಾಷ್ಟ್ರಗಳ ಸಂಬಂಧವನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲದೆಂಬುದಕ್ಕೆ ನಮ್ಮ ಉಪಖಂಡದಲ್ಲಿ 1970ರ ಡಿಸೆಂಬರಿನಲ್ಲಿ ಪಾಕಿಸ್ತಾನದಲ್ಲಿ ನಡೆದ ಮತದಾನಕ್ಕಿಂತ ದೊಡ್ಡ ನಿದರ್ಶನವಿಲ್ಲ. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗ್ ಗೆದ್ದುಕೊಂಡಿತು. ಇಡೀ ರಾಷ್ಟ್ರಸಭೆಯಲ್ಲಿ ಬಹುಮತ ಅವರದಾಯಿತು. ಆ ಬಹುಮತವನ್ನು ಒಪ್ಪಿಕೊಳ್ಳಲಾರದ ಸೇನಾಧಿಪತ್ಯವು 1971ರ ಮಾರ್ಚ್ 25ರ ರಾತ್ರಿ ತನ್ನ ಪ್ರಜೆಗಳ ಮೇಲೆಯೇ ಶಸ್ತ್ರವೆತ್ತಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತದ ಗಡಿಯನ್ನು ದಾಟಿ ಬಂದರು. ವರ್ಷ ಮುಗಿಯುವುದರೊಳಗೆ ಯುದ್ಧವಾಯಿತು, ಹೊಸದೊಂದು ರಾಷ್ಟ್ರವೂ ಹುಟ್ಟಿತು. ಅಲ್ಲಿ ವಿಪತ್ತಿಗೆ ಕಾರಣವಾದದ್ದು ಪ್ರಜೆಗಳ ತೀರ್ಪಲ್ಲ, ಆ ತೀರ್ಪಿಗೆ ತೋರಿದ ಅನಾದರ. ಆದಕಾರಣ ಚುನಾವಣೆಯೇ ವೈರದ ತವರೆಂದು ಹೇಳುವುದು ಅನ್ಯಾಯವಾದೀತು. ನಾವು ಕೇಳಬೇಕಾದದ್ದು ಬೇರೆ: ಪ್ರಜೆಯು ತನ್ನ ತೀರ್ಪನ್ನು ಯಾವ ಮನಃಸ್ಥಿತಿಯಲ್ಲಿ ಕೊಡುತ್ತಾನೆ?

2019ರ ಚುನಾವಣೆಯನ್ನು ನೆನೆಯೋಣ. ಆ ವರ್ಷದ ಫೆಬ್ರವರಿ 14ರಂದು ಪುಲ್ವಾಮಾದ ಹೆದ್ದಾರಿಯಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿ ಯೋಧರು ಹತರಾದರು. ಅವರಲ್ಲೊಬ್ಬರು ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು. ಆ ಸಾವು ನಮ್ಮ ಸೀಮೆಗೆ ಪತ್ರಿಕೆಯ ಸುದ್ದಿಯಾಗಿ ಬರಲಿಲ್ಲ, ಮನೆಯ ಸೂತಕವಾಗಿ ಬಂದಿತು. ಮರುದಿನವೇ ಭಾರತವು ಪಾಕಿಸ್ತಾನಕ್ಕೆ ಕೊಟ್ಟಿದ್ದ ಪರಮಾಪ್ತ ರಾಷ್ಟ್ರವೆಂಬ ವಾಣಿಜ್ಯದ ಸ್ಥಾನವನ್ನು ಹಿಂತೆಗೆದುಕೊಂಡಿತು. ಅಲ್ಲಿಂದ ಬರುವ ಸರಕಿನ ಮೇಲೆ ಶೇಕಡ 200ರ ಸುಂಕ ಬಿದ್ದಿತು. 26ರಂದು ಬಾಲಾಕೋಟಿನ ಮೇಲೆ ವಾಯುದಾಳಿ ನಡೆಯಿತು. ಏಪ್ರಿಲ್ 18ರಂದು ತುಮಕೂರು ಕ್ಷೇತ್ರ ಮತ ಹಾಕಿತು. ಮತದಾನಕ್ಕೆ ಕೆಲವೇ ದಿನ ಮುಂಚೆ ಪಾಕಿಸ್ತಾನದ ಪ್ರಧಾನಿ ಇಮ್ರಾನ್ ಖಾನರು, ಭಾರತದಲ್ಲಿ ಆಡಳಿತ ಪಕ್ಷವೇ ಮತ್ತೆ ಗೆದ್ದರೆ ಶಾಂತಿಯ ಮಾತುಕತೆಗೆ ಹೆಚ್ಚಿನ ಅವಕಾಶವಿದ್ದೀತೆಂದು ವಿದೇಶೀ ಪತ್ರಕರ್ತರೊಡನೆ ಹೇಳಿದರು. ಆ ಪಕ್ಷವೇ ಗೆದ್ದಿತು, ಮಾತುಕತೆಯಾಗಲಿಲ್ಲ, ಆಗಸ್ಟಿನಲ್ಲಿ ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದೊಡನೆ ಪಾಕಿಸ್ತಾನವು ಉಳಿದಿದ್ದ ವ್ಯಾಪಾರವನ್ನೂ ನಿಲ್ಲಿಸಿ ರಾಯಭಾರದ ಸಂಬಂಧವನ್ನು ಕೆಳಗಿಳಿಸಿತು. ಚುನಾವಣೆಗೆ ಮುನ್ನ ಕಟ್ಟಿಕೊಂಡ ನಿರೀಕ್ಷೆಗಳು ಚುನಾವಣೆಯ ತರುವಾಯ ಎಷ್ಟು ಬೇಗ ಹುಸಿಯಾಗಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ದಿನಗಳಲ್ಲಿ ನಮ್ಮ ಜನರಿಗೆ ಬಂದ ಕೋಪ ನಿಜವಾದ ಕೋಪ, ನ್ಯಾಯವಾದ ಕೋಪ. ಅದನ್ನು ಹೀಗಳೆಯುವವನು ಗುಡಿಗೆರೆಯ ಆ ಮನೆಯ ದುಃಖವನ್ನೇ ಹೀಗಳೆದಂತೆ. ಮುನಿಸು ಮೊದಲು ಮುನಿದವನನ್ನೇ ಸುಡುತ್ತದೆಂಬ ಶರಣರ ಅನುಭಾವ ಒಬ್ಬ ವ್ಯಕ್ತಿಯ ಮಟ್ಟಿಗೆ ಸಂಪೂರ್ಣ ಸತ್ಯ. ರಾಷ್ಟ್ರದ ಮಟ್ಟಿಗೆ ಅದನ್ನು ಹಾಗೆಯೇ ಅನ್ವಯಿಸಬಹುದೇ ಎಂಬುದು ಯೋಚಿಸಬೇಕಾದ ವಿಷಯ. ನನಗೆ ಕೆಡುಕಾದರೆ ಕ್ಷಮಿಸುವ ಹಕ್ಕು ನನಗುಂಟು. ಪರರಿಗಾದ ಕೆಡುಕನ್ನು ನಾನು ಕ್ಷಮಿಸಿದರೆ ಅದು ಔದಾರ್ಯವಲ್ಲ, ಅಪಹಾರ. ಹೆಂಡತಿ ಕಳೆದುಕೊಂಡದ್ದನ್ನು, ತಾಯಿ ಕಳೆದುಕೊಂಡದ್ದನ್ನು ಅವರ ಪರವಾಗಿ ಮನ್ನಿಸಲು ಸರ್ಕಾರಕ್ಕಾಗಲಿ ನನಗಾಗಲಿ ಅಧಿಕಾರವಿಲ್ಲ. ರಾಜಧರ್ಮದಲ್ಲಿ ದಂಡಕ್ಕೆ ಸ್ಥಾನ ದೊರೆತದ್ದು ಇದೇ ಕಾರಣದಿಂದ. ಆದರೆ ದಂಡ ಬೇರೆ, ವೈರ ಬೇರೆ. ದಂಡವು ಅಪರಾಧಿಯನ್ನು ಅರಸುತ್ತದೆ, ಅಪರಾಧಕ್ಕೆ ತಕ್ಕಷ್ಟೇ ಬೀಳುತ್ತದೆ, ಬಿದ್ದ ಮೇಲೆ ಮುಗಿಯುತ್ತದೆ. ವೈರಕ್ಕಾದರೋ ಅಪರಾಧಿ ಸಾಲದು, ಅವನ ಊರೂ ಕುಲವೂ ಭಾಷೆಯೂ ದೇವರೂ ಬೇಕು. ಅದಕ್ಕೆ ಮುಗಿಯುವ ಇಚ್ಛೆಯೇ ಇಲ್ಲ. ರಾವಣನ ಶವದ ಮುಂದೆ ನಿಂತ ಶ್ರೀರಾಮನು ಹಗೆತನವು ಮರಣದೊಡನೆ ಮುಗಿಯಿತೆಂದು ಸಾರಿ ವಿಭೀಷಣನಿಂದ ಉತ್ತರಕ್ರಿಯೆಗಳನ್ನು ಮಾಡಿಸಿದನಲ್ಲವೇ? ಅದು ದಂಡವನ್ನು ಬಲ್ಲವನ ನಡೆ. ಚುನಾವಣೆಯು ಐದು ವರ್ಷಕ್ಕೊಮ್ಮೆ ಮರಳಿ ಬರುವ ಸಂಸ್ಥೆ. ಅದಕ್ಕೆ ಕೋಪವನ್ನು ಒಮ್ಮೆ ಉಣಿಸಿದರೆ ಮುಂದಿನ ಸಲ ಮತ್ತೆ ಹಸಿದು ಬರುತ್ತದೆ. ದಂಡವಾಗಿ ಮುಗಿಯಬೇಕಾದದ್ದು ವೈರವಾಗಿ ಬೆಳೆಯುವುದು ಹೀಗೆ.

ಕೋಪವು ವಿವೇಕವಾಗಿ ಪಕ್ವವಾಗಲು ಕಾಲ ಬೇಕು. ಇದನ್ನು ಕಲ್ಪತರುವಿನ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮರದಿಂದಿಳಿಸಿದ ಬಲಿತ ತೆಂಗಿನಕಾಯನ್ನು ನಮ್ಮಲ್ಲಿ ಮನೆಯ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಕರಟದಿಂದ ತಾನಾಗಿ ಬಿಡಿಸಿಕೊಳ್ಳಬೇಕು. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಗಿಟುಕು ಲೊಡಲೊಡನೆ ಆಡಬೇಕು. ಆಗ ಸುಲಿದು ಒಡೆದರೆ ಇಡಿಯಾದ ಉಂಡೆ ಕೊಬ್ಬರಿ, ಉತ್ತರದೇಶದ ಹಬ್ಬಗಳಿಗೆ ಹೋಗುವ ಸರಕು. ಅವಸರಪಟ್ಟು ಒಡೆದರೆ ಕೈಗೆ ಬರುವುದು ಚೂರು, ಬೂಸಲು ಹಿಡಿಯುವ ಹಸಿ ತಿರುಳು. ಪ್ರಜೆಯ ನಿರ್ಣಯಕ್ಕೂ ಇಂಥದೊಂದು ಅವಧಿ ಅವಶ್ಯ. ಫೆಬ್ರವರಿಯಲ್ಲಿ ಹತ್ತಿದ ಉರಿ ಏಪ್ರಿಲಿನ ಹೊತ್ತಿಗೆ ಆರಿರುವುದಿಲ್ಲವೆಂಬುದು ಎಲ್ಲ ಪಕ್ಷಗಳಿಗೂ ಗೊತ್ತು. ಆ ಹಸಿತನದ ಮೇಲೆಯೇ ಅವರ ಕಣ್ಣು.

ಆ ಏಪ್ರಿಲಿನಲ್ಲಿ ತುಮಕೂರು ಕ್ಷೇತ್ರದಿಂದ ನಿಂತು ಸೋತವರಲ್ಲಿ ಹಿಂದಿನ ಪ್ರಧಾನಿ ಎಚ್. ಡಿ. ದೇವೇಗೌಡರೂ ಒಬ್ಬರು. ಅವರ ಸೋಲಿಗೆ ಗಡಿಯ ಮಾತೊಂದೇ ಕಾರಣವೆನ್ನುವುದು ತಪ್ಪಾದೀತು. ಹೇಮಾವತಿ ನಾಲೆಯ ನೀರಿನ ಅಸಮಾಧಾನವೂ, ಅವರು ನಿಂತಿದ್ದ ಮೈತ್ರಿಕೂಟದೊಳಗಿನ ಮುನಿಸುಗಳೂ ಅಂದು ಬಲವಾಗಿದ್ದವು. ನಾನು ಅವರ ಹೆಸರನ್ನು ಎತ್ತಿದ್ದು ಬೇರೊಂದು ನಿಮಿತ್ತಕ್ಕೆ. 1996ರ ಲೋಕಸಭಾ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, ಅನೇಕ ಪಕ್ಷಗಳ ಸಂಯುಕ್ತ ರಂಗದ ನಾಯಕರಾಗಿ, ಜೂನ್ 1ರಂದು ನೆರೆಯ ಹೊಳೆನರಸೀಪುರದ ಸೀಮೆಯ ಈ ರೈತನ ಮಗ ಪ್ರಧಾನಿಯಾದರು. ಹನ್ನೊಂದು ತಿಂಗಳೂ ತುಂಬದೆ ಅಧಿಕಾರ ಹೋಯಿತು. ಇಷ್ಟು ದುರ್ಬಲವಾದ ಸರ್ಕಾರ ಪ್ರಬಲ ನೆರೆಯವರೊಡನೆ ಏನು ಸಾಧಿಸೀತೆಂದು ಯಾರಾದರೂ ಕೇಳಬಹುದಾಗಿತ್ತು. ಆ ವರ್ಷದ ನವೆಂಬರಿನಲ್ಲಿ ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನರು ದೆಹಲಿಗೆ ಬಂದಾಗ, 29ರಂದು ವಾಸ್ತವಿಕ ಹತೋಟಿ ರೇಖೆಯ ಬಳಿ ಸೇನಾಬಲವನ್ನು ಮಿತಿಗೊಳಿಸುವ ಒಪ್ಪಂದವಾಯಿತು. ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಗುಂಡು ಹಾರಿಸತಕ್ಕದ್ದಲ್ಲವೆಂಬ ನಿಬಂಧನೆ ಅದರಲ್ಲಿತ್ತು. ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗಾಜಲವನ್ನು ಹಂಚಿಕೊಳ್ಳುವ ಮೂವತ್ತು ವರ್ಷಗಳ ಒಪ್ಪಂದವಾಯಿತು. ಅಲ್ಲಿಯೂ ಅದೇ ಜೂನ್ ತಿಂಗಳ ಚುನಾವಣೆಯಿಂದ ಶೇಖ್ ಹಸೀನಾ ಅಧಿಕಾರಕ್ಕೆ ಬಂದಿದ್ದರು. 1997ರ ಫೆಬ್ರವರಿಯ ಚುನಾವಣೆಯಲ್ಲಿ ಪಾಕಿಸ್ತಾನದಲ್ಲಿ ನವಾಜ್ ಷರೀಫರು ಗೆದ್ದ ತರುವಾಯ, ಮಾರ್ಚಿನಲ್ಲಿ ಎರಡೂ ದೇಶಗಳ ವಿದೇಶಾಂಗ ಕಾರ್ಯದರ್ಶಿಗಳು ದೆಹಲಿಯಲ್ಲಿ ಮತ್ತೆ ಮುಖಾಮುಖಿ ಕುಳಿತರು. ಹೇಮಾವತಿಯ ತೂಬಿಗಾಗಿ ಜಗಳ ಬಲ್ಲ ಸೀಮೆಯವರು ಗಂಗೆಯ ನೀರಿನ ಒಪ್ಪಂದದ ಬೆಲೆಯನ್ನು ಇತರರಿಗಿಂತ ಚೆನ್ನಾಗಿ ಅರಿಯಬಲ್ಲರು. ಕೆಳಗಿನ ಊರಿನವನಿಗೂ ಬಾಯಾರಿಕೆಯುಂಟೆಂದು ಒಪ್ಪಿಕೊಳ್ಳದೆ ಯಾವ ನದಿಯ ವ್ಯಾಜ್ಯವೂ ತೀರುವುದಿಲ್ಲ.

ಒಪ್ಪಂದವೊಂದರಿಂದ ವೈರ ಅಳಿದುಹೋಯಿತೆಂದು ಹೇಳುವಷ್ಟು ಸರಳವಾದ ಲೋಕ ಇದಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಪ್ರಾಣ ತೆತ್ತರು. ಆದರೆ ಆ ಘೋರವಾದ ಕೈಮೀರಿದ ಹೊಡೆದಾಟದಲ್ಲಿಯೂ ಎರಡು ಕಡೆಯವರ ಬಂದೂಕುಗಳು ಮೌನವಾಗಿದ್ದವು. ಬಹುಮತವಿಲ್ಲದ ಒಂದು ಸರ್ಕಾರದ ಕಾಲದಲ್ಲಿ ಬರೆದ ಸಂಯಮದ ಒಂದು ವಾಕ್ಯ ಇಪ್ಪತ್ತನಾಲ್ಕು ವರ್ಷಗಳ ತರುವಾಯ, ಅಂಥ ರಾತ್ರಿಯಲ್ಲಿಯೂ, ಆ ಕಲಹ ಮಹಾಯುದ್ಧವಾಗಿ ಹಬ್ಬದಂತೆ ತಡೆದುನಿಲ್ಲಿಸುವುದರಲ್ಲಿ ತನ್ನ ಪಾಲನ್ನು ಸಲ್ಲಿಸಿತು. ಇದಕ್ಕೆ ಕೃತಜ್ಞತೆಯನ್ನು ಯಾವ ಚುನಾವಣಾ ಸಭೆಯಲ್ಲಿಯೂ ಸಲ್ಲಿಸಿದ್ದನ್ನು ನಾನು ಕೇಳಿಲ್ಲ. ತಪ್ಪಿಸಿದ ಯುದ್ಧಕ್ಕೆ ಮೆರವಣಿಗೆಯಿಲ್ಲ.

ನಮ್ಮ ವೈರವು ಎಷ್ಟು ಆಯ್ದುಕೊಂಡ ವೈರವೆಂಬುದನ್ನು ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಹೇಳಬಲ್ಲವು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕುಲುಮೆಗಳು ಹಸಿದಿದ್ದಾಗ, ಇಲ್ಲಿನ ಕಬ್ಬಿಣದ ಅದಿರು ಲಾರಿ ಲಾರಿಯಾಗಿ ರೇವುಗಳ ಕಡೆಗೆ ಹರಿಯಿತು. ರಸ್ತೆಬದಿಯ ತೋಟಗಳಲ್ಲಿ ತೆಂಗಿನ ಗರಿಗಳು ಕೆಂಧೂಳಿನಿಂದ ಬಣ್ಣಗೆಟ್ಟು, ಮಳೆ ಬಂದರೆ ಗರಿಯ ತುದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಹಿಡಿಯುವವರೆಗೆ ಆ ಹರಿವು ನಿಲ್ಲಲಿಲ್ಲ. ನೆಲವನ್ನು ಅಗೆದು ಪ್ರತಿಸ್ಪರ್ಧಿಗೆ ಉಕ್ಕು ಒದಗಿಸುತ್ತಿದ್ದ ಆ ವರ್ಷಗಳಲ್ಲಿ ನಮ್ಮ ದೇಶಾಭಿಮಾನ ನಿದ್ರಿಸುತ್ತಿತ್ತು. ಲಾಭವಿದ್ದಾಗ ನಿದ್ರಿಸಿ ಮತದಾನ ಹತ್ತಿರವಾದಾಗ ಎಚ್ಚರಗೊಳ್ಳುವ ಅಭಿಮಾನಕ್ಕೆ ಧರ್ಮದ ಹೆಸರು ಸಲ್ಲದು. ನೆರೆಯವನೊಡನೆ ವ್ಯಾಪಾರ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅವನೊಡನೆ ಬಾಳಲೇಬೇಕಾದ ಸಂಬಂಧವೊಂದುಂಟೆಂದು ನಮ್ಮ ಕೈ ಒಪ್ಪಿಕೊಂಡಿರುವಾಗ ನಮ್ಮ ನಾಲಿಗೆಯೂ ಅದನ್ನು ಒಪ್ಪಿಕೊಳ್ಳಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಸಂಯಮವೆಂದರೆ ಹೇಡಿತನವೆಂದು ಬಗೆಯುವವರು ಕೌಟಿಲ್ಯನನ್ನು ಕೇಳಲಿ. ಗಡಿಗೆ ಗಡಿ ತಾಗಿದವನು ಸ್ವಭಾವತಃ ಶತ್ರುವೆಂದು ಮಂಡಲಸಿದ್ಧಾಂತವನ್ನು ಕಟ್ಟಿದವನು ಅವನು. ಅವನನ್ನು ಭಾವುಕನೆಂದು ಯಾರೂ ದೂರಲಾರರು. ಆ ಅರ್ಥಶಾಸ್ತ್ರದ ತಾಳೆಯೋಲೆ ಶತಮಾನಗಳ ಮರೆವಿನಿಂದ ಬೆಳಕಿಗೆ ಬಂದದ್ದೂ ನಮ್ಮ ನಾಡಿನಲ್ಲಿಯೇ: ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನವಾದ ವೃದ್ಧಿ ದೊರೆಯುವುದಾದರೆ ಸಂಧಿಯನ್ನೇ ಆರಿಸಿಕೊಳ್ಳತಕ್ಕದ್ದೆಂಬುದು ಆ ಗ್ರಂಥದ ನಿರ್ಣಯ. ಯುದ್ಧದಲ್ಲಿ ಜನಕ್ಷಯವುಂಟು, ಧನವ್ಯಯವುಂಟು, ಮನೆಮಠಗಳಿಂದ ದೂರವಾಗುವ ಪ್ರವಾಸವುಂಟು, ಪಾಪವುಂಟು ಎಂಬುದು ಅದಕ್ಕೆ ಅವನು ಕೊಡುವ ಕಾರಣ. ಲೆಕ್ಕಾಚಾರದಲ್ಲಿ ನಿರ್ದಯನೆನಿಸಿಕೊಂಡ ಮಂತ್ರಿಯೂ ಕೊನೆಗೆ ಪಾಪವನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಮ್ಮ ಚುನಾವಣಾ ಭಾಷಣಗಳಲ್ಲಿ ಆ ಬಾಬತ್ತು ಎಲ್ಲಿದೆ?

ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಗಾಢವಾಗಿ ತೋರುತ್ತದೆ: ವೈರ ಯಾರದು, ಗಾಯ ಯಾರದು? ತುರುವೇಕೆರೆಯಿಂದ ಹೆಚ್ಚು ದೂರವಲ್ಲದ ಶ್ರವಣಬೆಳಗೊಳದಲ್ಲಿ, ಚಾವುಂಡರಾಯನು ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನ ಕಥೆಯನ್ನು ಪಂಪನು ಆದಿಪುರಾಣದಲ್ಲಿ ಹೇಳಿದ್ದಾನೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ಹಗೆಗೆ ಈ ನಿರಪರಾಧಿ ಜನ ಏಕೆ ಸಾಯಬೇಕೆಂದು ಕೇಳಿ, ಇಬ್ಬರೇ ಹೋರಾಡಿ ತೀರ್ಮಾನಿಸಿಕೊಳ್ಳುವಂತೆ ಒಡಂಬಡಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನೇ ಗೆದ್ದನು. ಸೋತ ಭರತನು ಒಪ್ಪಂದವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಗೆದ್ದ ಬಾಹುಬಲಿಯು ಆ ಕ್ಷಣದಲ್ಲಿಯೇ ರಾಜ್ಯದ ಅಸಾರತೆಯನ್ನು ಕಂಡು ತಪಸ್ಸಿಗೆ ತೆರಳಿದನು. ಈ ಕಥೆಯ ವೈರಾಗ್ಯವನ್ನು ನಾವು ಭಕ್ತಿಯಿಂದ ಕೊಂಡಾಡುತ್ತೇವೆ. ಅದರ ಮಂತ್ರಿಗಳ ಪ್ರಶ್ನೆಯನ್ನು ಮರೆಯುತ್ತೇವೆ. ಯಾರಿಗೆ ವೈರವೋ ಅವನೇ ಅದರ ಪೆಟ್ಟನ್ನು ತನ್ನ ಮೈಮೇಲೆ ತೆಗೆದುಕೊಳ್ಳಲಿ ಎಂಬುದು ಅವರು ಇಟ್ಟ ನಿಯಮ. ಪ್ರಜಾಪ್ರಭುತ್ವದಲ್ಲಿ ಮತದಾರನೇ ರಾಜನಾದ ಪಕ್ಷದಲ್ಲಿ, ಈ ರಾಜನು ತನ್ನ ಕೋಪವನ್ನು ತೋಟದ ನೆರಳಿನಲ್ಲಿ ಕುಳಿತು ಮತವಾಗಿ ಹಾಕುತ್ತಾನೆ. ಅದರ ಪೆಟ್ಟನ್ನು ತಿನ್ನಲು ಗುಡಿಗೆರೆಯ ಮಗನೋ ಗಡಿಯ ಹಳ್ಳಿಯ ಕುರುಬನೋ ಎದುರುಗಡೆಯ ಯಾವನೋ ಬಡವನ ಕೂಸೋ ಹೋಗಬೇಕು. ಇಂಥ ವ್ಯವಸ್ಥೆಯಲ್ಲಿ ಕೋಪವು ಅಗ್ಗವಾಗುವುದು ಸಹಜ. ಅಗ್ಗವಾಗಬಾರದೆಂದಿದ್ದರೆ, ಪರರ ಮೈಮೇಲೆ ಬೀಳುವ ಪೆಟ್ಟನ್ನು ತನ್ನ ಮೈಮೇಲೆ ಬಿದ್ದಂತೆ ಭಾವಿಸುವ ಶಕ್ತಿಯನ್ನು ಮತದಾರನು ಸಂಪಾದಿಸಿಕೊಳ್ಳಬೇಕು. ದಯೆಯೇ ಧರ್ಮದ ಮೂಲವೆಂಬುದಕ್ಕೆ ಮತಗಟ್ಟೆಯಲ್ಲಿ ಬರುವ ಅರ್ಥ ಇದೇ.

ಇಷ್ಟೆಲ್ಲ ನಾಯಕರ ಕೆಲಸ, ನಮ್ಮದೇನಿದೆಯೆಂದು ಜಾರಿಕೊಳ್ಳುವವರುಂಟು. ಮಗನ ಹಠವನ್ನು ತಾನೇನು ಮಾಡಬಲ್ಲೆನೆಂದು ಧೃತರಾಷ್ಟ್ರನೂ ಹೀಗೆಯೇ ಜಾರಿಕೊಂಡನು. ವಿದುರನ ನೀತಿ ಅವನಿಗೆ ಅರ್ಥವಾಗದೆ ಇರಲಿಲ್ಲ, ಸಂಧಾನಕ್ಕೆ ಬಂದ ಕೃಷ್ಣನ ಮಾತು ಕೇಳಿಸದೆ ಇರಲಿಲ್ಲ. ಸಿಂಹಾಸನ ತನ್ನದಾಗಿದ್ದೂ ನಿರ್ಣಯ ತನ್ನದಲ್ಲವೆಂದು ನಂಬಿಕೊಂಡದ್ದೇ ಅವನ ನಿಜವಾದ ಕುರುಡು. ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದುವಾಗ ಮುದುಕನ ಮೇಲೆ ಬೇಸರಪಟ್ಟುಕೊಳ್ಳುವ ನಾವು, ಚುನಾವಣೆ ಬಂದಾಗ ಅದೇ ಪೀಠದಲ್ಲಿ ಕುಳಿತಿರುತ್ತೇವೆ.

ಹಾಗಾದರೆ ಎದುರಾಳಿ ರಾಷ್ಟ್ರದ ವಿಷಯವನ್ನು ಚುನಾವಣೆಯಲ್ಲಿ ಎತ್ತಲೇಬಾರದೇ? ಎತ್ತಬೇಕು. ಪ್ರಾಣಹಾನಿಯಾದ ಮೇಲೆ ಅದು ಹೇಗಾಯಿತು, ಯಾರ ಎಚ್ಚರ ತಪ್ಪಿತು, ಅಪರಾಧಿಗಳಿಗೆ ಏನು ಶಿಕ್ಷೆಯಾಯಿತು ಎಂದು ಕೇಳುವುದು ಪ್ರಜೆಯ ಹಕ್ಕೂ ಹೌದು, ಸತ್ತವರಿಗೆ ಸಲ್ಲಬೇಕಾದ ಋಣವೂ ಹೌದು. ವೈರವನ್ನು ಎತ್ತಿ ಆಡುವ ಅಭ್ಯರ್ಥಿ ಊರಿಗೆ ಬಂದಾಗ, ಯಾವ ಪಕ್ಷದವನಾದರೂ ಸರಿಯೆ, ಅವನನ್ನು ಸಮಾಧಾನದಿಂದ ಕೇಳಬೇಕು: ನೀನು ದಂಡಿಸಹೊರಟಿರುವುದು ಯಾರನ್ನು? ಅದು ಎಲ್ಲಿ ಮುಗಿಯುತ್ತದೆ? ಅದರ ಭಾರವನ್ನು ಹೊರುವ ಹೆಗಲು ಯಾರದು? ಈ ಮೂರಕ್ಕೆ ಉತ್ತರವಿದ್ದವನ ಮಾತಿನಲ್ಲಿ ದಂಡನೀತಿ ಇದ್ದೀತು. ಉತ್ತರವಿಲ್ಲದವನ ಮಾತಿನಲ್ಲಿ ಇರುವುದು ವೈರವೊಂದೇ.

ಇದಕ್ಕಿಂತಲೂ ಕಷ್ಟವಾದ ಕರ್ತವ್ಯವೊಂದು ಮತದಾನವಾದ ಮೇಲೆ ಉಳಿಯುತ್ತದೆ. ಗೆದ್ದವನು, ನಾವು ಮತ ಹಾಕದೆ ಇದ್ದವನಾದರೂ, ಮುಂದೊಂದು ದಿನ ಮಾನ ಕೆಡದ ಸಂಧಿಯೊಂದನ್ನು ಮಾಡಿಕೊಂಡು ಹಿಂದಿರುಗಿದರೆ, ಅವನ ಚುನಾವಣೆಯ ಗರ್ಜನೆಗಳನ್ನು ಅವನ ಮುಖಕ್ಕೆ ಹಿಡಿದು ಹಂಗಿಸದಿರುವುದೇ ಆ ಕರ್ತವ್ಯ. ರಾಜಕಾರಣಿಗಳು ಶಾಂತಿಗೆ ಅಂಜುವುದು ಶತ್ರುವಿನ ಭಯದಿಂದಲ್ಲ, ನಮ್ಮ ಭಯದಿಂದ. ಸೌಹಾರ್ದವನ್ನು ತಂದವನನ್ನು ಸೋಲಿಸುವುದಿಲ್ಲವೆಂಬ ಅಭಯವನ್ನು ಪ್ರಜೆಗಳು ಕೊಡದಿದ್ದರೆ, ಎಷ್ಟೇ ಧೀರನಾದ ನಾಯಕನೂ ವೈರದ ಸುಲಭಮಾರ್ಗವನ್ನೇ ಹಿಡಿದಾನು. ಆ ಅಭಯವನ್ನು ಸಂವಿಧಾನದ ಯಾವ ವಿಧಿಯೂ ಕೊಡಲಾರದು, ದೆಹಲಿಯ ಯಾವ ಸಭೆಯೂ ಕೊಡಲಾರದು. ಕೊಡಬಲ್ಲವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಂಥ ಊರುಗಳಲ್ಲಿ ಮತದ ಚೀಟಿ ಹಿಡಿದು ನಿಲ್ಲುವ ನಾವು. ನಮ್ಮ ಪಾಲಿಗೆ ಬಂದ ರಾಜಧರ್ಮ ಇದೇ. ಇದನ್ನು ನಮಗೆ ಬದಲಾಗಿ ನಡೆಸಿಕೊಡುವವರು ಬೇರೆ ಯಾರೂ ಇಲ್ಲ.